ಡಯಾಲಿಸಿಸ್ ಫ್ರೀ, ಪೈಪು ಸ್ವಂತ ಖರ್ಚು: ಮರದಿಂದ ಬಿದ್ದವರ ಕಿಡ್ನಿ ಕಾಯೋದು ಯಾರು?

ಕೊನೆ ಕೊಯ್ಲು ಶುರುವಾಗಿದೆ. ಶಿರಸಿ, ಸಿದ್ದಾಪುರ, ಯಲ್ಲಾಪುರ ಕಡೆ ಇಬ್ಬನಿ ಆರುವ ಹೊತ್ತಿಗೆ ಕೊನೆಗೌಡರು ಮರದ ಮೇಲಿರ್ತಾರೆ. ಕುಮಟಾ, ಹೊನ್ನಾವರ ಕಡೆ ತೆಂಗಿನಕಾಯಿ ಕೊಯ್ಲಂತೂ ವರ್ಷಪೂರ್ತಿ. ಮಳೆಗಾಲದಲ್ಲಿ ಕೊಳೆ ಔಷಧಿ ಹೊಡೆಯಲು ಜಾರುವ ಮರ ಹತ್ತುವವರೂ ಇವರೇ. ಪ್ರತಿ ಹಂಗಾಮಿನಲ್ಲೂ ‘ಅಡಿಕೆ ಮರದಿಂದ ಬಿದ್ದು ಕಾರ್ಮಿಕನಿಗೆ ಗಂಭೀರ ಗಾಯ, ಹೆಚ್ಚಿನ ಚಿಕಿತ್ಸೆಗೆ ಹುಬ್ಬಳ್ಳಿಗೆ ರವಾನೆ’ ಅಂತ ನಾಲ್ಕು ಸಾಲಿನ ಸುದ್ದಿ ಬರ್ತದೆ. ಓದಿದವರು ಅಯ್ಯೋ ಪಾಪ ಅಂದು ಮುಂದಿನ ಸುದ್ದಿಗೆ ಹೋಗ್ತಾರೆ. ಆ ಮನುಷ್ಯ ವಾಪಸ್ ಬಂದ್ನಾ, ಬಂದ ಮೇಲೆ ಹ್ಯಾಗಿದ್ದಾನೆ ಅನ್ನೋದು ಸುದ್ದಿ ಆಗೋದಿಲ್ಲ.

ಬಹಳಷ್ಟು ಜನ ವಾಪಸ್ ಬರ್ತಾರೆ. ಬೆನ್ನುಹುರಿಗೆ ಪೆಟ್ಟಾಗಿದ್ದರೆ ಸೊಂಟದ ಕೆಳಗೆ ಸ್ವಾಧೀನ ಇರೋದಿಲ್ಲ. ಜಗಲಿಯಲ್ಲೋ ಒಳಕೋಣೆಯಲ್ಲೋ ಒಂದು ಮಂಚ, ಮಂಚದ ಕೆಳಗೆ ಯೂರಿನ್ ಬ್ಯಾಗು. ನೋಡಲು ಬಂದವರೆಲ್ಲ ಕಾಲಿನ ಸಂಗತಿಯನ್ನೇ ಕೇಳ್ತಾರೆ. ನಡೆಯಲಿಕ್ಕೆ ಆಗ್ತದಾ, ಬೆರಳು ಅಲ್ಲಾಡ್ತದಾ, ಎಣ್ಣೆ ತಿಕ್ಕಿಸಿದ್ರಾ. ಉಚ್ಚೆ ವಿಷಯ ಯಾರೂ ಕೇಳೋದಿಲ್ಲ, ಮನೆಯವರಿಗೆ ಹೇಳಲು ನಾಚಿಕೆ. ಆದರೆ ಕಾಲಿಗೆ ಬಲ ಇಲ್ಲದೆಯೂ ಮನುಷ್ಯ ನಲವತ್ತು ವರ್ಷ ಬದುಕಬಲ್ಲ. ಮೂತ್ರಕೋಶ ಕೈಕೊಟ್ಟಿದ್ದನ್ನು ಯಾರೂ ಗಮನಿಸದೇ ಹೋದರೆ ಒಳಗೊಳಗೇ ಕಿಡ್ನಿ ಕೆಡ್ತದೆ. ಅದು ಗೊತ್ತಾಗೋದು ಕಾಲು ಮುಖ ಊದಿಕೊಂಡಾಗ, ವಾಂತಿ ಶುರುವಾದಾಗ. ಆಗ ವೇಳೆ ಮೀರಿರ್ತದೆ.

ಉತ್ತರ ಕನ್ನಡ ಜಿಲ್ಲೆಗೆ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಅನ್ನೋ ಕೂಗು ಹಳೆಯದು. 2022ರ ಜುಲೈ 20ರಂದು ಹೊನ್ನಾವರದಿಂದ ಕುಂದಾಪುರ ಕಡೆ ರೋಗಿಯನ್ನು ಒಯ್ಯುತ್ತಿದ್ದ ಆಂಬುಲೆನ್ಸ್ ಶಿರೂರು ಟೋಲ್‌ಗೇಟಿನಲ್ಲಿ ಪಲ್ಟಿಯಾಗಿ ನಾಲ್ವರು ತೀರಿಕೊಂಡ ಮೇಲಂತೂ ಆ ಕೂಗು ಬೀದಿಗೆ ಬಂತು. ಬೇಡಿಕೆ ನ್ಯಾಯವಾದದ್ದೇ. ಶಿರಸಿಯಿಂದ ಹುಬ್ಬಳ್ಳಿಗೆ ನೂರು ಕಿಲೋಮೀಟರ್, ಹೊನ್ನಾವರದಿಂದ ಮಣಿಪಾಲಕ್ಕೆ ಅದಕ್ಕೂ ಹೆಚ್ಚು. ಬೆನ್ನುಮೂಳೆ ಮುರಿದವನನ್ನು ಘಟ್ಟದ ತಿರುವುಗಳಲ್ಲಿ ಹಾಗೆ ಒಯ್ಯುವುದೇ ಒಂದು ಗಂಡಾಂತರ.

ಆದರೆ ನಾಳೆಯೇ ಆ ಆಸ್ಪತ್ರೆ ಬಂದರೂ ಅಲ್ಲಿ ಆಗೋದು ಆಪರೇಷನ್, ಕೆಲವು ವಾರದ ವಾಸ, ಆಮೇಲೆ ಡಿಸ್ಚಾರ್ಜ್. ಉಳಿದ ಆಯುಷ್ಯವೆಲ್ಲ ಮನೆಯಲ್ಲಿ. ಮೂತ್ರಕೋಶದ ಲಡಾಯಿ ನಡೆಯೋದು ಅಲ್ಲಿಯೇ. ಅದಕ್ಕೆ ಬೇಕಾಗಿರೋದು ತೆಳ್ಳಗಿನ ಪೈಪು, ಸೋಪು, ಕಲಿಸಿಕೊಡೋ ಒಬ್ಬರು, ವರ್ಷಕ್ಕೊಂದು ಸ್ಕ್ಯಾನಿಂಗ್. ಇದಕ್ಕೆ ತಾಲೂಕು ಆಸ್ಪತ್ರೆ ಸಾಕು, ಗ್ರಾಮ ಪಂಚಾಯ್ತಿ ಸಾಕು. ಇದರ ಬಗ್ಗೆ ಮಾತ್ರ ಯಾರೂ ಮನವಿ ಕೊಟ್ಟಂತೆ ಕಾಣೋದಿಲ್ಲ.

ಮೋಟರ್ ಚಾಲೂ, ವಾಲ್ವ್ ಬಂದ್

ಮೂತ್ರಕೋಶ ತುಂಬಿತು ಅಂತ ಮಿದುಳಿಗೆ ಹೇಳೋದು, ಈಗ ಬಿಡು ಅಂತ ಮಿದುಳಿನಿಂದ ಅಪ್ಪಣೆ ತರೋದು ಎರಡೂ ಬೆನ್ನುಹುರಿಯ ಕೆಲಸ. ಅದರ ತುದಿಯಲ್ಲಿ, ಸೊಂಟ ಶುರುವಾಗುವ ಜಾಗದ ಆಸುಪಾಸು, ಮೂತ್ರಕೋಶವನ್ನು ನಡೆಸುವ ನರಗಳ ಕೇಂದ್ರ ಇದೆ. ಎತ್ತರದಿಂದ ಬಿದ್ದವರಿಗೆ ಬಹಳ ಸಲ ಮುರಿಯೋದು ಬೆನ್ನು ಮತ್ತು ಸೊಂಟ ಸೇರುವ ಅದೇ ಜಾಗ. ಹಾಗಾಗಿ ಒಂದೇ ಎತ್ತರದಿಂದ ಬಿದ್ದ ಇಬ್ಬರ ತೊಂದರೆ ಎರಡು ಥರ ಇರಬಹುದು.

ಪೆಟ್ಟು ಆ ಕೇಂದ್ರಕ್ಕೇ ಬಿದ್ದರೆ ಮೂತ್ರಕೋಶ ಸಡಿಲ ಚೀಲದ ಹಾಗೆ ಆಗ್ತದೆ. ತುಂಬುತ್ತಾ ಹೋಗ್ತದೆ, ತಾನಾಗಿ ಹಿಂಡೋದಿಲ್ಲ, ಕೊನೆಗೆ ಮೇಲಿಂದ ಚೆಲ್ಲಿದ ಹಾಗೆ ತೊಟ್ಟಿಕ್ಕುತ್ತದೆ. ‘ಯೂರಿನ್ ಹೋಗ್ತಾ ಇದೆ, ಬಟ್ಟೆ ಒದ್ದೆ ಆಗ್ತದೆ’ ಅಂತ ಮನೆಯವರು ಸಮಾಧಾನ ಪಡ್ತಾರೆ. ಒಳಗೆ ಮಾತ್ರ ಚೀಲ ತುಂಬಿಯೇ ಇರ್ತದೆ.

ಪೆಟ್ಟು ಅದಕ್ಕಿಂತ ಮೇಲೆ ಬಿದ್ದರೆ ಇನ್ನೊಂದು ತರಹ. ಮಿದುಳಿನ ಹಿಡಿತ ತಪ್ಪಿದ ಮೂತ್ರಕೋಶ ತನಗೆ ತೋಚಿದಾಗ ಹಿಂಡುತ್ತದೆ. ಅದೇ ಹೊತ್ತಿಗೆ ಕೆಳಗಿನ ಬಾಯಿ ಬಿಗಿಯಾಗ್ತದೆ. ತೋಟದ ಪಂಪ್‌ಸೆಟ್ ಇರುವವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮೋಟರ್ ಚಾಲೂ ಮಾಡಿ ಗೇಟ್‌ವಾಲ್ವ್ ಬಂದ್ ಇಟ್ಟರೆ ಏನಾಗ್ತದೆ? ಒತ್ತಡ ಹಿಂದಕ್ಕೆ ತಿರುಗ್ತದೆ, ಎಲ್ಲಿ ಮೆತ್ತಗಿದೆಯೋ ಅಲ್ಲಿ ಒಡೀತದೆ. ಇಲ್ಲಿ ಹಿಂದೆ ಇರೋದು ಎರಡು ಕಿಡ್ನಿ. ಮೂತ್ರ ಅಲ್ಲಿಗೇ ವಾಪಸ್ ತಳ್ಳಲ್ಪಟ್ಟು ಕಿಡ್ನಿ ಊದ್ತದೆ, ಸೋಂಕೂ ಜೊತೆಗೇ ಏರ್ತದೆ. ನೋವು ಗೊತ್ತಾಗೋ ನರವೇ ಇಲ್ಲದ್ದರಿಂದ ರೋಗಿಗೆ ಏನೂ ಅನ್ನಿಸೋದಿಲ್ಲ.

ಹೊಟ್ಟೆ ಒತ್ತಿ ಒತ್ತಿ ಯೂರಿನ್ ಮಾಡಿಸುವ ರೂಢಿ ಹಲವು ಮನೆಗಳಲ್ಲಿದೆ. ಯಾರೋ ಹೇಳಿಕೊಟ್ಟಿರ್ತಾರೆ, ಮಾಡಿದಾಗ ನಾಲ್ಕು ಹನಿ ಬರ್ತದೆ. ಮೇಲೆ ಹೇಳಿದ ಎರಡನೇ ತರಹದವರಿಗೆ ಇದು ಅಪಾಯ, ಬಂದ್ ಇರೋ ವಾಲ್ವಿನ ಮೇಲೆ ಇನ್ನಷ್ಟು ಒತ್ತಡ ಹಾಕಿದಂತೆ. ತಮ್ಮದು ಯಾವ ತರಹ ಅಂತ ಗೊತ್ತಿಲ್ಲದವರು ಒತ್ತಲೇಬಾರದು. ಇದನ್ನು ಸರಿಯಾಗಿ ಅಳೆಯುವ ಯೂರೋಡೈನಾಮಿಕ್ಸ್ ಅನ್ನೋ ಪರೀಕ್ಷೆ ದೊಡ್ಡ ಆಸ್ಪತ್ರೆಗಳಲ್ಲಿ ಮಾತ್ರ ಸಿಗ್ತದೆ. ಡಿಸ್ಚಾರ್ಜ್ ಆಗುವ ಮುಂಚೆ, ಇಲ್ಲವೇ ಮೊದಲ ಫಾಲೋಅಪ್‌ಗೆ ಹೋದಾಗ, ಇದು ಬೇಕಾ ಅಂತ ಬಾಯಿಬಿಟ್ಟು ಕೇಳಬೇಕು.

ಹಾಕಿದ ಪೈಪು ಹಾಗೇ ಇದೆ

ಪೆಟ್ಟಾದ ಮೊದಲ ದಿನಗಳಲ್ಲಿ ಆಸ್ಪತ್ರೆಯವರು ಫೋಲಿ ಕ್ಯಾಥೆಟರ್ ಹಾಕ್ತಾರೆ. ಒಳಗೆ ಸಣ್ಣ ಬಲೂನು ಉಬ್ಬಿಸಿ ನಿಲ್ಲಿಸುವ ಪೈಪು. ಆಗ ಅದು ಬೇಕೇ ಬೇಕು. ಸಮಸ್ಯೆ ಏನಂದ್ರೆ ಅದೇ ಪೈಪಿನ ಜೊತೆ ಮನೆಗೆ ಕಳಿಸ್ತಾರೆ, ಮುಂದೇನು ಅಂತ ಹೇಳೋರಿಲ್ಲ. ಸಾಮಾನ್ಯವಾಗಿ ಮೂರ್ನಾಲ್ಕು ವಾರಕ್ಕೊಮ್ಮೆ ಬದಲಿಸಬೇಕಾದದ್ದು ಎರಡು ತಿಂಗಳು, ಮೂರು ತಿಂಗಳು ಹಾಗೇ ಉಳೀತದೆ. ತಾಲೂಕು ಆಸ್ಪತ್ರೆಗೆ ಕರ್ಕೊಂಡು ಹೋಗಿ ಬರಲು ಆಟೋದವನಿಗೋ ಓಮ್ನಿಯವನಿಗೋ ಕೊಡಬೇಕು, ಎತ್ತಿ ಕೂರಿಸಲು ಇಬ್ಬರು ಗಂಡಸರು ಬೇಕು, ಅವರ ಕೂಲಿ ತಪ್ತದೆ. ಹಾಗಾಗಿ ಪೈಪು ಕಟ್ಟಿಕೊಂಡು ಜ್ವರ ಬಂದ ಮೇಲೇ ಪ್ರಯಾಣ.

ವರ್ಷಗಟ್ಟಲೆ ಫೋಲಿ ಇಟ್ಟುಕೊಂಡವರಲ್ಲಿ ಮೂತ್ರಕೋಶದಲ್ಲಿ ಕಲ್ಲು ಆಗ್ತದೆ, ಮೂತ್ರನಾಳ ಹುಣ್ಣಾಗಿ ಹರೀತದೆ, ಹತ್ತಾರು ವರ್ಷ ಕಳೆದವರಲ್ಲಿ ಕ್ಯಾನ್ಸರ್ ಅಪಾಯವೂ ಹೆಚ್ಚು. ಇಟ್ಟುಕೊಳ್ಳಲೇಬೇಕಾದವರಿಗೆ ಕೆಳಹೊಟ್ಟೆಯಲ್ಲಿ ಸಣ್ಣ ತೂತು ಮಾಡಿ ಪೈಪು ಕೂರಿಸುವ ದಾರಿ ಇದೆ.

ಆದರೆ ಕೈ ಆಡುವವರಿಗೆ ಇದಕ್ಕಿಂತ ಒಳ್ಳೆಯ ದಾರಿ ಐವತ್ತು ವರ್ಷದಿಂದ ಇದೆ. ಮೊದಲ ಮಹಾಯುದ್ಧದ ಕಾಲದಲ್ಲಿ ಬೆನ್ನುಹುರಿ ಪೆಟ್ಟಾದ ಸೈನಿಕರಲ್ಲಿ ಬಹುಪಾಲು ಜನ ಸತ್ತದ್ದು ಮೂತ್ರದ ಸೋಂಕು ಮತ್ತು ಮಲಗಿ ಮಲಗಿ ಆದ ಹುಣ್ಣಿನಿಂದ. 1944ರಲ್ಲಿ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್‌ನಲ್ಲಿ ಡಾ. ಲುಡ್ವಿಗ್ ಗಟ್‌ಮನ್ ಬೆನ್ನುಹುರಿ ರೋಗಿಗಳಿಗೇ ಬೇರೆ ವಿಭಾಗ ಶುರು ಮಾಡಿದರು. ಪೈಪನ್ನು ಒಳಗೇ ಬಿಡದೆ, ದಿನಕ್ಕೆ ಹಲವು ಸಲ ಹಾಕಿ ಖಾಲಿ ಮಾಡಿ ತೆಗೆಯುವ ಕ್ರಮವನ್ನು ಅವರು ಬಹಳ ಮಡಿಯಿಂದ, ಆಪರೇಷನ್ ಥಿಯೇಟರಿನ ಶುಚಿಯಲ್ಲಿ ನಡೆಸಿದರು. ಅಷ್ಟು ಮಡಿ ಮನೆಯಲ್ಲಿ ಯಾರಿಗೆ ಸಾಧ್ಯ? 1972ರಲ್ಲಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ಡಾ. ಜ್ಯಾಕ್ ಲ್ಯಾಪಿಡಿಸ್ ಅಷ್ಟೆಲ್ಲ ಬೇಡ ಅಂದರು. ಸೋಪು ಹಾಕಿ ಕೈ ತೊಳೆದು, ಶುದ್ಧವಾದ ಪೈಪಿನಿಂದ ಹೊತ್ತುಹೊತ್ತಿಗೆ ಖಾಲಿ ಮಾಡಿದರೆ ಸಾಕು, ಮೂತ್ರಕೋಶ ಉಬ್ಬಿ ನಿಲ್ಲೋದೇ ಸೋಂಕಿಗೆ ದೊಡ್ಡ ದಾರಿ ಅನ್ನೋದು ಅವರ ವಾದ. ಡಾಕ್ಟರುಗಳು ಮೊದಲು ನಂಬಲಿಲ್ಲ. ಈಗ ಜಗತ್ತಿನೆಲ್ಲೆಡೆ ಇದೇ ಮೊದಲ ಆಯ್ಕೆ. ಆಸ್ಪತ್ರೆ ಚೀಟಿಯಲ್ಲಿ ಸಿಐಸಿ ಅಂತ ಬರೆಯೋದು ಇದನ್ನೇ.

ಮಾಡೋದು ಹೀಗೆ. ನಾಲ್ಕರಿಂದ ಆರು ತಾಸಿಗೊಮ್ಮೆ, ರಾತ್ರಿ ಮಲಗುವ ಮೊದಲು, ಬೆಳಗ್ಗೆ ಎದ್ದ ಕೂಡಲೇ. ಒಂದು ಸಲಕ್ಕೆ 400-500 ಎಂ.ಎಲ್. ದಾಟಬಾರದು. ದಾಟಿದರೆ ಇನ್ನೂ ಬೇಗ ಬೇಗ ಮಾಡಬೇಕು ಅಂತ ಅರ್ಥ. ಅಳೆಯಲು ಹಳೇ ನೀರಿನ ಬಾಟಲಿಗೆ ಗೆರೆ ಹಾಕಿಕೊಂಡರೂ ನಡೀತದೆ. ನೀರನ್ನು ದಿನವಿಡೀ ಹಂಚಿಕೊಂಡು ಕುಡಿಯಬೇಕು, ಒಂದೇ ಸಲ ಎರಡು ಚೊಂಬು ಕುಡಿಯೋದಲ್ಲ. ಗಂಡಸರು ಬೇಗ ಕಲೀತಾರೆ. ಹೆಂಗಸರಿಗೆ ಮೊದಲು ಕನ್ನಡಿ ಬೇಕಾಗ್ತದೆ, ಕಲಿಸಲು ಹೆಣ್ಣು ನರ್ಸ್ ಬೇಕು. ಇದು ಸಿಗದೆ ಡೈಪರ್ ಮೇಲೇ ಕಾಲ ಹಾಕುವವರಲ್ಲಿ ಹೆಂಗಸರೇ ಹೆಚ್ಚು ಕಷ್ಟ ಪಡೋದು. ಗಂಡಸರಿಗಾದರೆ ಕಾಂಡೋಮ್ ಕ್ಯಾಥೆಟರ್ ಅಂತಲಾದರೂ ಒಂದಿದೆ. ಅದು ಬಟ್ಟೆ ಒಣಗಿಸಿ ಇಡ್ತದೆ, ಮೂತ್ರಕೋಶ ಖಾಲಿ ಮಾಡಿ ಕೊಡೋದಿಲ್ಲ ಅನ್ನೋದು ನೆನಪಿರಲಿ.

ಶ್ರೀಮಂತ ದೇಶಗಳಲ್ಲಿ ಒಂದು ಸಲಕ್ಕೆ ಒಂದು ಪೈಪು, ಬಳಸಿ ಬಿಸಾಡು. ನಮ್ಮಲ್ಲಿ ತೊಳೆದು ಒಣಗಿಸಿ ಮತ್ತೆ ಬಳಸ್ತಾರೆ. ಎಷ್ಟು ದಿನ, ಹ್ಯಾಗೆ ತೊಳೆಯಬೇಕು ಅನ್ನೋದನ್ನು ಕಲಿಸಿದವರಿಂದಲೇ ಬರೆಸಿಕೊಳ್ಳಬೇಕು. ಒಬ್ಬರ ಪೈಪು ಇನ್ನೊಬ್ಬರಿಗೆ ಬೇಡವೇ ಬೇಡ.

ಕಲಿಯೋದು ಎಲ್ಲಿ ಅಂದ್ರೆ, ವೆಲ್ಲೂರಿನ ಸಿಎಂಸಿಯಲ್ಲಿ 1966ರಿಂದ ಇದಕ್ಕೆಂದೇ ಪುನರ್ವಸತಿ ಕೇಂದ್ರ ಇದೆ. ಅದನ್ನು ಕಟ್ಟಿದ ಡಾ. ಮೇರಿ ವರ್ಗೀಸ್ ಸ್ವತಃ ಅಪಘಾತದಲ್ಲಿ ಬೆನ್ನುಹುರಿ ಪೆಟ್ಟಾಗಿ ಗಾಲಿಕುರ್ಚಿಯಲ್ಲಿ ಇದ್ದವರು. ಬೆಂಗಳೂರಿನಲ್ಲಿ 1959ರಿಂದ ಇರುವ ಎಪಿಡಿ ಸಂಸ್ಥೆ ಇದೆ. ನಮಗೆ ಹತ್ತಿರ ಅಂದ್ರೆ ಬೆಳ್ತಂಗಡಿ ತಾಲೂಕಿನ ಕೊಕ್ಕಡದ ಸೇವಾಧಾಮ.

ಲೆಕ್ಕ ಎಲ್ಲಿ ತಪ್ಪಿದೆ

ಸರ್ಕಾರದ ಲೆಕ್ಕಾಚಾರ ಈಗ ನೋಡಿ. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಕಾರ್ಡಿನಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ. ಅದು ಆಸ್ಪತ್ರೆಗೆ ದಾಖಲಾದವರಿಗೆ. ಮನೆಗೆ ಬಂದ ಮೇಲೆ ತಿಂಗಳು ತಿಂಗಳು ಬೇಕಾಗೋ ಪೈಪು, ಬ್ಯಾಗು, ಜೆಲ್ಲಿ ಅದರಲ್ಲಿ ಬರೋದಿಲ್ಲ. ಮರ ಹತ್ತುವವರಿಗೆ ತೆಂಗು ಅಭಿವೃದ್ಧಿ ಮಂಡಳಿಯ ಕೇರ ಸುರಕ್ಷಾ ವಿಮೆ ಇದೆ, ಮಾಡಿಸಿದವರಿಗೆ ಅಪಘಾತದ ಪರಿಹಾರ ಸಿಗ್ತದೆ. ಅದೂ ಒಂದೇ ಸಲದ ದುಡ್ಡು, ಸಾಲ ತೀರಿಸಲಿಕ್ಕೇ ಹೋಗ್ತದೆ.

ಅದೇ ಮನುಷ್ಯನ ಕಿಡ್ನಿ ಪೂರ್ತಿ ಹೋದ ದಿನ ಸರ್ಕಾರ ಎದ್ದು ನಿಲ್ತದೆ. 2016ರಲ್ಲಿ ಶುರುವಾದ ಪ್ರಧಾನಮಂತ್ರಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ ಇದೆ, ತಾಲೂಕು ಆಸ್ಪತ್ರೆಗಳಲ್ಲಿ ಡಯಾಲಿಸಿಸ್ ಯಂತ್ರಗಳಿವೆ, ಬಿಪಿಎಲ್‌ನವರಿಗೆ ಉಚಿತ. ಒಳ್ಳೆಯದೇ, ಅದರಿಂದ ಎಷ್ಟೋ ಜೀವ ಉಳಿದಿದೆ. ಆದರೆ ವಾರಕ್ಕೆ ಎರಡು ಮೂರು ಸಲ, ಒಂದೊಂದು ಸಲಕ್ಕೂ ಸುಮಾರು ನಾಲ್ಕು ತಾಸು, ಯಂತ್ರ, ಟೆಕ್ನಿಷಿಯನ್, ನೀರು, ಕರೆಂಟು ಎಲ್ಲ ಕೊಡಲು ಒಪ್ಪಿದ ವ್ಯವಸ್ಥೆಯೇ, ಅಲ್ಲಿಯವರೆಗೆ ಹೋಗದಂತೆ ತಡೆಯುವ ಅಗ್ಗದ ಪ್ಲಾಸ್ಟಿಕ್ ಪೈಪನ್ನು ನೀನೇ ತಗೋ ಅನ್ನುತ್ತದೆ. ಯಾವ ಅಂಗಡಿಯವನೂ ಹೀಗೆ ವ್ಯಾಪಾರ ಮಾಡೋದಿಲ್ಲ.

ಜಗತ್ತಿನಲ್ಲಿ ಬೆನ್ನುಹುರಿ ಪೆಟ್ಟಿನ ಜೊತೆ ಬದುಕುತ್ತಿರುವವರು ಒಂದೂವರೆ ಕೋಟಿಗೂ ಹೆಚ್ಚು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳ್ತದೆ. ನಮ್ಮ ತಾಲೂಕಿನಲ್ಲಿ ಎಷ್ಟು ಅಂತ ಕೇಳಿದರೆ, ಕಾಗದದಲ್ಲಿ ಇವರೆಲ್ಲ ‘ದೈಹಿಕ ವಿಕಲಚೇತನರು’ ಅನ್ನೋ ಒಂದೇ ಪಟ್ಟಿಯಲ್ಲಿ ಸೇರಿಹೋಗಿರ್ತಾರೆ. ಪೋಲಿಯೋ ಆದವರಿಗೂ, ಕಾಲು ಕತ್ತರಿಸಿದವರಿಗೂ, ಇವರಿಗೂ ಒಂದೇ ಕಲಂ. ಮೂತ್ರದ ಸಮಸ್ಯೆ ಇರೋರು ಯಾರು ಅನ್ನೋದು ಅದರಲ್ಲಿ ಗೊತ್ತಾಗೋದಿಲ್ಲ. 2024ರ ಅಕ್ಟೋಬರ್‌ನಲ್ಲಿ ಕೋಲಾರದಿಂದ ಶುರುವಾದ ಗೃಹ ಆರೋಗ್ಯ ಯೋಜನೆಯಲ್ಲಿ ಸಿಬ್ಬಂದಿ ಮನೆಮನೆಗೆ ಬಂದು ಬಿಪಿ, ಶುಗರ್ ನೋಡೋ ಕ್ರಮ ಇದೆ. ಮಂಚದ ಮೇಲಿರೋ ಮನುಷ್ಯನಿಗೆ ಕೇಳೋ ಎರಡು ಪ್ರಶ್ನೆ ಅದಕ್ಕೆ ಸೇರಿಸಿದರೆ ಪಟ್ಟಿ ತಾನಾಗೇ ತಯಾರಾಗ್ತದೆ: ಪೈಪು ಬದಲಿಸಿ ಎಷ್ಟು ದಿನ ಆಯ್ತು, ಕಿಡ್ನಿ ಸ್ಕ್ಯಾನಿಂಗ್ ಮಾಡಿಸಿ ಎಷ್ಟು ಕಾಲ ಆಯ್ತು.

ಪೇಟೆಯ ಪಾಲು

ಇದರಲ್ಲಿ ಅಂಗಡಿಕಾರರ ಪಾಲೂ ಇದೆ. ತಾಲೂಕಿನ ಮೆಡಿಕಲ್ ಶಾಪ್‌ಗಳಲ್ಲಿ ಫೋಲಿ ಸಿಗ್ತದೆ, ಸಿಐಸಿಗೆ ಬೇಕಾದ ಸಾದಾ ನೆಲಟಾನ್ ಪೈಪು ಕೇಳಿದರೆ ಆರ್ಡರ್ ಹಾಕಬೇಕು ಅಂತಾರೆ. ಗಿರಾಕಿ ಇಲ್ಲ ಅಂತ ಅವರು ಇಡೋದಿಲ್ಲ, ಅವರು ಇಡೋದಿಲ್ಲ ಅಂತ ಮನೆಯವರು ಮತ್ತೆ ಫೋಲಿಗೇ ಹೋಗ್ತಾರೆ. 2025ರ ಸೆಪ್ಟೆಂಬರ್ 22ರಿಂದ ವೈದ್ಯಕೀಯ ಉಪಕರಣಗಳ ಮೇಲೆ, ರೋಗಿಗಳ ಡೈಪರ್ ಮೇಲೆ ಜಿಎಸ್‌ಟಿ ಶೇ 12 ಇದ್ದದ್ದು ಶೇ 5ಕ್ಕೆ ಇಳಿದಿದೆ. ಬಿಲ್ ತಗೊಂಡು ನೋಡಬೇಕಾದ ವಿಷಯ.

ಆಂಟಿಬಯಾಟಿಕ್ ಸಂಗತಿ ಇನ್ನೂ ಸೂಕ್ಷ್ಮ. ಪೈಪು ಇರೋರ ಯೂರಿನ್ ಪರೀಕ್ಷೆ ಮಾಡಿದರೆ ಬ್ಯಾಕ್ಟೀರಿಯಾ ಕಾಣೋದು ಮಾಮೂಲು. ಜ್ವರ, ಚಳಿ, ಕಾಲಿನ ಸೆಳೆತ ಏಕಾಏಕಿ ಜಾಸ್ತಿ ಆಗೋದು, ಇದ್ದಕ್ಕಿದ್ದಂತೆ ಸೋರೋದು, ಸುಸ್ತು ಇಂಥ ಲಕ್ಷಣ ಇಲ್ಲದಿದ್ದರೆ ಸಾಮಾನ್ಯವಾಗಿ ಅದಕ್ಕೆ ಔಷಧಿ ಬೇಕಾಗೋದಿಲ್ಲ. ‘ಯೂರಿನ್ ವಾಸನೆ ಬರ್ತಾ ಇದೆ, ಹೋದ ಸಲದ ಮಾತ್ರೆ ಕೊಡಿ’ ಅಂತ ಕೇಳೋದು, ಕೌಂಟರಿನಿಂದ ಐದು ಮಾತ್ರೆ ಕತ್ತರಿಸಿ ಕೊಡೋದು ನಡೀತಾ ಹೋದರೆ, ನಿಜವಾಗಿ ಜ್ವರ ಏರಿದ ದಿನ ಯಾವ ಮಾತ್ರೆಯೂ ಹಿಡಿಯೋದಿಲ್ಲ. 2014ರಿಂದ ಇರೋ ಶೆಡ್ಯೂಲ್ ಎಚ್1 ನಿಯಮದ ಪ್ರಕಾರ ಪಟ್ಟಿಯಲ್ಲಿರುವ ಆಂಟಿಬಯಾಟಿಕ್‌ಗಳನ್ನು ಚೀಟಿ ಇಲ್ಲದೆ ಕೊಡುವಂತಿಲ್ಲ. ಕೊಟ್ಟದ್ದಕ್ಕೆ ರಿಜಿಸ್ಟರಿನಲ್ಲಿ ಹೆಸರು ಬರೆದು ಮೂರು ವರ್ಷ ಇಡಬೇಕು.

ಇನ್ನು ಶೌಚಾಲಯ. ಗಾಲಿಕುರ್ಚಿಯಲ್ಲಿ ಪೇಟೆಗೆ ಬಂದು ಮೊಬೈಲ್ ರಿಪೇರಿಯೋ ಝೆರಾಕ್ಸ್ ಅಂಗಡಿಯೋ ಇಟ್ಟುಕೊಳ್ಳಬೇಕು ಅನ್ನೋ ಹುಡುಗರಿದ್ದಾರೆ. ನಾಲ್ಕೈದು ತಾಸಿಗೊಮ್ಮೆ ಅವರು ಪೈಪು ಹಾಕಿಕೊಳ್ಳೋದು ಎಲ್ಲಿ? ಬಸ್‌ಸ್ಟ್ಯಾಂಡಿನ ಶೌಚಾಲಯಕ್ಕೆ ಮೆಟ್ಟಿಲು, ಕುರ್ಚಿ ಒಳಗೆ ತಿರುಗೋದಿಲ್ಲ, ಕೈ ತೊಳೆಯಲು ಸೋಪಿಲ್ಲ. ಹಾಗಾಗಿ ಹೊರಗೆ ಹೊರಡೋ ದಿನ ಬೆಳಗ್ಗೆಯಿಂದಲೇ ನೀರು ಕುಡಿಯೋದು ಬಿಡ್ತಾರೆ. ಕುಡಿಯದಿದ್ದರೆ ಮೂತ್ರ ಮಂದ ಆಗಿ ಕಲ್ಲು, ಸೋಂಕು. ಆಮೇಲೆ ಪೇಟೆಯೇ ಬೇಡ ಅಂತ ಮನೆಯಲ್ಲೇ ಕೂರ್ತಾರೆ.

ತಲೆನೋವು ಅಂತ ಅಲಕ್ಷ್ಯ ಬೇಡ

ಕುತ್ತಿಗೆ ಅಥವಾ ಎದೆಯ ಮೇಲ್ಭಾಗದಲ್ಲಿ ಬೆನ್ನುಹುರಿಗೆ ಪೆಟ್ಟಾದವರ ಮನೆಯವರು ಇದೊಂದನ್ನು ತಿಳಿದಿರಲೇಬೇಕು. ಹೆದ್ದಾರಿ 66ರ ಬೈಕ್ ಅಪಘಾತಗಳಲ್ಲಿ ಕುತ್ತಿಗೆಗೆ ಪೆಟ್ಟು ಮಾಡಿಕೊಂಡವರಿಗೂ ಇದು ಅನ್ವಯ. ಮೂತ್ರಕೋಶ ಉಬ್ಬಿದರೆ, ಪೈಪು ಮಡಚಿಕೊಂಡು ಕಟ್ಟಿಕೊಂಡರೆ, ಇಂಥವರ ಬಿಪಿ ನಿಮಿಷಗಳಲ್ಲಿ ಅಪಾಯದ ಮಟ್ಟಕ್ಕೆ ಏರಬಹುದು. ತಲೆ ಸಿಡಿಯುವಂಥ ನೋವು, ಮುಖ ಕೆಂಪು, ಪೆಟ್ಟಾದ ಜಾಗದಿಂದ ಮೇಲೆ ಧಾರಾಕಾರ ಬೆವರು. ಕೂಡಲೇ ಎಬ್ಬಿಸಿ ಕೂರಿಸಬೇಕು, ಬಿಗಿ ಬಟ್ಟೆ, ಬೆಲ್ಟು ಸಡಿಲಿಸಬೇಕು, ಪೈಪು ಎಲ್ಲಾದರೂ ಮಡಚಿದೆಯಾ, ಬ್ಯಾಗು ತುಂಬಿದೆಯಾ ನೋಡಬೇಕು. ಸಿಐಸಿ ಮಾಡುವವರಾದರೆ ತಕ್ಷಣ ಖಾಲಿ ಮಾಡಬೇಕು. ಇಳಿಯದಿದ್ದರೆ 108. ತಲೆನೋವಿನ ಮಾತ್ರೆ ಕೊಟ್ಟು ಮಲಗಿಸಿದರೆ ಮಿದುಳಿನಲ್ಲಿ ರಕ್ತಸ್ರಾವ ಆಗುವ ಭಯ ಇದೆ. ಆಸ್ಪತ್ರೆಗೆ ಹೋದಾಗಲೂ ‘ಬೆನ್ನುಹುರಿ ಪೆಟ್ಟಾಗಿದೆ, ಪೈಪು ಕಟ್ಟಿರಬಹುದು’ ಅಂತ ಮೊದಲೇ ಹೇಳಬೇಕು.

ಪಂಚಾಯ್ತಿಯಲ್ಲಿ ದುಡ್ಡಿದೆ

ಗ್ರಾಮ ಪಂಚಾಯ್ತಿಗಳು ಶೇ 5ರಷ್ಟು ಹಣವನ್ನು ವಿಕಲಚೇತನರಿಗೆ ಖರ್ಚು ಮಾಡಬೇಕು ಅನ್ನೋ ನಿಯಮ ಇದೆ. ಹೆಚ್ಚಿನ ಕಡೆ ಅದು ಒಂದು ಕುರ್ಚಿ, ಒಂದು ವಾಕರ್, ಕೊಡುವಾಗ ಒಂದು ಫೋಟೋ. ಕೊಟ್ಟ ಗಾಲಿಕುರ್ಚಿ ಕೊಟ್ಟಿಗೆ ಸೇರಿರ್ತದೆ, ಯಾಕೆಂದರೆ ಕೂತವನು ಒದ್ದೆ ಆಗ್ತಾನೆ ಅಂತ ಯಾರೂ ಕೂರಿಸೋದಿಲ್ಲ. ಅದೇ ಹಣದಲ್ಲಿ ವರ್ಷಕ್ಕೆ ಬೇಕಾದಷ್ಟು ಪೈಪು ಕೊಡಬಹುದಲ್ಲ ಅಂದ್ರೆ, ಹಾಗೆ ಕೇಳಿ ಅರ್ಜಿ ಬರೋದಿಲ್ಲ ಅನ್ನೋದು ಸುಲಭದ ಉತ್ತರ.

ಅರ್ಜಿ ಕೊಡುವುದು ಕಷ್ಟದ್ದೇನಲ್ಲ. ಪ್ರತಿ ಪಂಚಾಯ್ತಿಗೆ ಒಬ್ಬರು ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಅಂದ್ರೆ ವಿಆರ್‌ಡಬ್ಲ್ಯು, ತಾಲೂಕಿಗೆ ಒಬ್ಬರು ಎಂಆರ್‌ಡಬ್ಲ್ಯು ಇರ್ತಾರೆ. ಅವರ ಮೂಲಕ ಕೊಡಬೇಕು. ಜೊತೆಗೆ ಯುಡಿಐಡಿ ಕಾರ್ಡಿನ ಜೆರಾಕ್ಸ್, ತಾಲೂಕು ಆಸ್ಪತ್ರೆ ವೈದ್ಯರ ಚೀಟಿ. ಚೀಟಿಯಲ್ಲಿ ಬರೀ ‘ಕ್ಯಾಥೆಟರ್’ ಅಂತ ಇದ್ದರೆ ಮತ್ತೆ ಫೋಲಿಯೇ ಬರ್ತದೆ. ಯಾವ ತರಹದ್ದು, ಸೈಜು ಎಷ್ಟು, ತಿಂಗಳಿಗೆ ಎಷ್ಟು ಬೇಕು ಅನ್ನೋದನ್ನು ವೈದ್ಯರಿಂದಲೇ ಬರೆಸಿಕೊಂಡು, ಗ್ರಾಮಸಭೆಯಲ್ಲಿ ಓದಿಸಿ, ಅರ್ಜಿಗೆ ಸ್ವೀಕೃತಿ ಹಾಕಿಸಿಕೊಂಡು ಬರಬೇಕು.